ನಮ್ಮ ತೇಗ ಕಡಿಸಿ ಅಟ್ಟ ಮಾಡಿಸಿದ್ದು

ನಾನು ಸಾಗರದ ಕಡೆಯ ಅಡಿಕೆ ಕೃಷಿಕ. ಮನೆಗೆ ಅಟ್ಟ ಬೇಕು ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಸ್ಲ್ಯಾಬ್ ಹಾಕಿಸಿಬಿಡು ಅಂತ. ನಾನು ತೋಟದ ಮೇಲಿನ ನಮ್ಮ ಸ್ವಂತ ಖುಷ್ಕಿ ಜಾಗದಲ್ಲಿ ಅಪ್ಪ ನೆಟ್ಟಿದ್ದ ತೇಗವನ್ನೇ ಕಡಿಸಿ, ತೊಲೆ, ಹಲಗೆ ಕೊಯ್ಯಿಸಿ ಮಾಡಿಸಿದೆ. ಮರ ಕಡಿದವನು ಹವಾಮಾನ ಬದಲಾವಣೆ ಬಗ್ಗೆ ಮಾತಾಡಬಹುದಾ ಅಂತ ಕೆಲವರು ಕೇಳಿದರು. ಖಂಡಿತ ಮಾತಾಡಬಹುದು.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಅದೆಲ್ಲ ಮರ ಗಾಳಿಯಿಂದ ಎಳೆದುಕೊಂಡದ್ದು. ನಾಟಾ, ಅಂದರೆ ಮನೆ ಕೆಲಸದ ಮರ, ಅಳೆಯುವ ಕ್ರಮ ನಿಮಗೆ ಗೊತ್ತಿರಬಹುದು, ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುವುದು. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಅಂದರೆ 10 ಘನ ಅಡಿ. ತೇಗ ಒಣಗಿದ ಮೇಲೆ ಘನ ಅಡಿಗೆ ಸುಮಾರು 18 ಕೆಜಿ ತೂಗುತ್ತದೆ. ಅಲ್ಲಿಗೆ 180 ಕೆಜಿ ಮರ, 90 ಕೆಜಿ ಇಂಗಾಲ, ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಹತ್ತಿರ ಹತ್ತಿರ 330 ಕೆಜಿ. ಒಲೆಗೆ ಹಾಕಿದರೆ ಅಷ್ಟೂ ವಾಪಸ್ ಗಾಳಿಗೆ. ತೊಲೆಯಾಗಿ ನಿಂತರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಸಿಮೆಂಟಿನದು ಉಲ್ಟಾ. ಅದನ್ನು ತಯಾರಿಸಲು ಸುಣ್ಣದಕಲ್ಲು ಸುಡುವಾಗ ಉರುವಲಿನ ಹೊಗೆ ಒಂದು ಕಡೆ, ಆ ಕಲ್ಲಿನೊಳಗಿಂದಲೇ ಬರುವ ಕಾರ್ಬನ್ ಡೈಆಕ್ಸೈಡ್ ಇನ್ನೊಂದು ಕಡೆ.

ಹಾಗಂತ ಕಾಡಿಗೆ ಕೈ ಹಾಕುವ ಮಾತೇ ಇಲ್ಲ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ ದೊಡ್ಡ ದೊಡ್ಡ ಮತ್ತಿ, ನಂದಿ ಮರಗಳಿವೆ, ಅಲ್ಲಿ ನಮಗಿರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಹಕ್ಕು ಅಷ್ಟೇ, ಮರ ಸರ್ಕಾರದ್ದು. ಅದು ಹಾಗೇ ಇರಬೇಕು. ಹಳೆ ಕಾಡು ಮರದಲ್ಲಿ ಮಾತ್ರ ಅಲ್ಲ, ಮಣ್ಣಿನಲ್ಲೂ ಇಂಗಾಲ ಹಿಡಿದಿಟ್ಟಿರುತ್ತದೆ, ಸಸಿ ನೆಟ್ಟು ಅದನ್ನು ತುಂಬಿಸಲು ನಮ್ಮ ಜೀವಮಾನ ಸಾಲದು. ನಾಟಾ ಬೇಕಿದ್ದರೆ ನಮ್ಮ ಜಮೀನಿನಲ್ಲೇ ಬೆಳೆದುಕೊಳ್ಳಬೇಕು.

ಬೆಳೆಸುವುದರಲ್ಲಿ ಮುಖ್ಯ ಕೆಲಸ ಕೊಂಬೆ ಸವರುವುದು. ಕೊಂಬೆ ಹೆಬ್ಬೆರಳು ಗಾತ್ರ ಇರುವಾಗಲೇ, ಎಲೆ ಉದುರಿದ ಕಾಲದಲ್ಲಿ, ಬುಡದ ಉಬ್ಬಿಗೆ ಪೆಟ್ಟಾಗದಂತೆ ಗರಗಸದಿಂದ ತೆಗೆಯಬೇಕು. ಮೋಟು ಉಳಿಸಿದರೆ ಅದರ ಸುತ್ತ ಮರ ಬೆಳೆದು ಹಲಗೆಯಲ್ಲಿ ಗಂಟಾಗುತ್ತದೆ, ಬಡಗಿ ಅಷ್ಟು ಭಾಗ ಕತ್ತರಿಸಿ ಎಸೆಯುತ್ತಾನೆ. ಒತ್ತೊತ್ತಾಗಿ ಬಂದ ಸೊರಗಿದ ಮರಗಳನ್ನು ಆಗಾಗ ತೆಗೆದು ಉಳಿದವಕ್ಕೆ ಬಿಸಿಲು ಬಿಡಬೇಕು. ಹಾಗೆ ತೆಗೆದ ಸಣ್ಣ ತೇಗ ನಮ್ಮ ಕೊಟ್ಟಿಗೆಯ ಮಾಡು ಹೊರುವ ಪಕಾಸಿಯಾಗಿದೆ.

ಕಡಿಯುವ ಮೊದಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಮಿಲ್ಲಿಗೆ ಸಾಗಿಸಲು ಪಾಸ್ ಬೇಕು. ಓಡಾಟ ಇದೆ, ಆದರೂ ಬಿಡಬೇಡಿ. ಕಡಿಸಿದ್ದು ಅಮಾವಾಸ್ಯೆ ಹತ್ತಿರ, ಹುಳು ಹಿಡಿಯುವುದಿಲ್ಲ ಅಂತ ಹಿರಿಯರು ನಡೆಸಿಕೊಂಡು ಬಂದ ಕ್ರಮ. ಕೊಯ್ದ ಹಲಗೆಗಳನ್ನು ನಡುನಡುವೆ ರೀಪು (ತೆಳು ಮರದ ಪಟ್ಟಿ) ಇಟ್ಟು ನೆರಳಲ್ಲಿ ಪೇರಿಸಿದೆ, ಎರಡೂ ತುದಿಗೆ ಬಣ್ಣ ಬಳಿದೆ. ತುದಿ ಬೇಗ ಒಣಗಿದರೆ ಸೀಳು ಬಿಡುತ್ತದೆ. ಒಣಗಲು ಅವಸರ ಮಾಡಲೇಬೇಡಿ, ಹಸಿ ಹಲಗೆ ಹಾಕಿಸಿದ ಎಷ್ಟೋ ಮನೆಗಳಲ್ಲಿ ಬೇಸಿಗೆ ಬಂದರೆ ಸಂದಿನಲ್ಲಿ ಬೆರಳು ಹೋಗುತ್ತದೆ. ಹೊರಗಿನ ಬಿಳಿ ಭಾಗವನ್ನು ತೊಲೆಗೆ ಬಳಸಲಿಲ್ಲ, ಗೆದ್ದಲು ಮೊದಲು ಹಿಡಿಯುವುದು ಅದನ್ನೇ. ಒಳಗಿನ ಚೇಗು ಗಟ್ಟಿ.

ಕಡಿದ ಜಾಗಕ್ಕೆ ಬರೀ ತೇಗ ಹಾಕಿಲ್ಲ. ಹೊನ್ನೆ, ಹೆಬ್ಬಲಸು, ಹಲಸು ಸೇರಿಸಿದ್ದೇನೆ. ಒಂದೇ ಜಾತಿ ಹಾಕಿದರೆ ರೋಗ ಬಂದಾಗ ಎಲ್ಲವೂ ಹೋಗುತ್ತದೆ, ಹಕ್ಕಿಗೂ ತಿನ್ನಲು ಏನಿರುವುದಿಲ್ಲ. ಸಸಿ ಇಲಾಖೆಯ ನರ್ಸರಿಯಲ್ಲಿ ಕಡಿಮೆ ದರಕ್ಕೆ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿದರೆ ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಬೇಕಾದವರು ಮಳೆಗೆ ಮೊದಲೇ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ. ಜೂನ್ ಕಳೆದರೆ ಒಳ್ಳೆ ಸಸಿ ಉಳಿದಿರುವುದಿಲ್ಲ.