ಡೆಬಿಯನ್‌ನಲ್ಲಿ ಎಕ್ಸಿಮ್ ತೆಗೆದು ಪೋಸ್ಟ್‌ಫಿಕ್ಸ್ ಹಾಕುವ ಬಗೆ

ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಬಹುಕಾಲದಿಂದ ಮೂಲ ಮೇಲ್ ಸರ್ವರ್ ಆಗಿ ಬಂದಿರುವುದು ಎಕ್ಸಿಮ್ 4. ಅದರ ಜಾಗಕ್ಕೆ ಪೋಸ್ಟ್‌ಫಿಕ್ಸ್ ಎಂಬ ಇನ್ನೊಂದು ಮೇಲ್ ಸರ್ವರನ್ನು ತರಲು ಒಂದೇ ಕಮಾಂಡ್ ಸಾಕು; ಈ ಎರಡು ಪ್ಯಾಕೇಜುಗಳು ಒಟ್ಟಿಗೆ ಇರಲು ಡೆಬಿಯನ್ ಬಿಡುವುದಿಲ್ಲವಾದ್ದರಿಂದ, ಆಪ್ಟ್ (ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಮೂಲಕ ಪೋಸ್ಟ್‌ಫಿಕ್ಸ್ ಇನ್‌ಸ್ಟಾಲ್ ಮಾಡಿದೊಡನೆ ಎಕ್ಸಿಮ್ ತಾನಾಗಿ ಹೊರಬೀಳುತ್ತದೆ. ಇದು ಇಷ್ಟು ಸಲೀಸಾಗಿರುವುದರಿಂದಲೇ ಅನೇಕರು ಮುಂಚಿನ ಸಿದ್ಧತೆಯನ್ನು ಮರೆಯುತ್ತಾರೆ.

ಮೊದಲು ನೋಡಬೇಕಾದದ್ದು ಸರದಿಯಲ್ಲಿ ಉಳಿದಿರುವ ಮೇಲ್‌ಗಳನ್ನು. ಎಕ್ಸಿಮ್ ಪ್ರತಿಯೊಂದು ಮೇಲನ್ನೂ ಶಿರೋಭಾಗಕ್ಕೊಂದು, ಒಡಲಿಗೊಂದು ಎಂದು ಎರಡು ಕಡತಗಳಾಗಿ ತನ್ನ ಸ್ಪೂಲ್ (ಸರದಿಯ ಮೇಲ್ ಇಡುವ) ಡೈರೆಕ್ಟರಿಯಲ್ಲಿ ಇಡುತ್ತದೆ. ಪೋಸ್ಟ್‌ಫಿಕ್ಸ್‌ಗೆ ಆ ಕಡತಗಳನ್ನು ಓದಲು ಬಾರದು. ಆದ್ದರಿಂದ ಎಕ್ಸಿಮ್ ಸೇವೆಯನ್ನು ನಿಲ್ಲಿಸಿ, ಹೊಸ ಮೇಲ್ ಬರದಂತೆ ಮಾಡಿದ ಮೇಲೆ, ಎಕ್ಸಿಮ್ ಕಮಾಂಡನ್ನು ಕ್ಯೂಎಫ್‌ಎಫ್ (-qff) ಆಯ್ಕೆಯೊಂದಿಗೆ ಓಡಿಸಿ, 'ಫ್ರೋಜನ್' ಆಗಿ (ತಡೆಹಿಡಿಯಲ್ಪಟ್ಟು) ಕುಳಿತವೂ ಸೇರಿದಂತೆ ಎಲ್ಲವನ್ನೂ ಮತ್ತೊಮ್ಮೆ ಕಳುಹಿಸಲು ಯತ್ನಿಸಬೇಕು. ಮೇಲ್‌ಕ್ಯೂ ಕಮಾಂಡ್ ಏನನ್ನೂ ತೋರಿಸದಿದ್ದಾಗ ಮುಂದುವರಿಯಬಹುದು. ಅದಕ್ಕೂ ಮುಂಚೆ ಇಟಿಸಿ (/etc) ಅಡಿಯಲ್ಲಿರುವ ಎಕ್ಸಿಮ್4 ಡೈರೆಕ್ಟರಿ ಮತ್ತು ಅಲಿಯಾಸಸ್ ಕಡತದ (ಯಾರ ಮೇಲ್ ಯಾವ ವಿಳಾಸಕ್ಕೆ ಎಂಬ ಪಟ್ಟಿಯ) ಒಂದು ನಕಲನ್ನು ಬೇರೆ ಕಡೆ ಎತ್ತಿಟ್ಟುಕೊಳ್ಳಿ.

ಇನ್‌ಸ್ಟಾಲ್ ಆಗುವಾಗ ಬರುವ ಪ್ರಶ್ನೆಗಳಲ್ಲಿ ಸರ್ವರಿನ ಬಗೆ ಯಾವುದೆಂಬುದೇ ಮುಖ್ಯವಾದದ್ದು. ಮನೆಯ ಅಥವಾ ಕಚೇರಿಯ ಯಂತ್ರವು ಹೊರಗಿನ ಸರ್ವರ್ ಒಂದರ ಮೂಲಕವೇ ಮೇಲ್ ಕಳುಹಿಸುವುದಾದರೆ 'ಸ್ಯಾಟಲೈಟ್' ಆಯ್ಕೆ ಸರಿ. ಎಕ್ಸಿಮ್‌ನಲ್ಲಿ 'ಸ್ಮಾರ್ಟ್‌ಹೋಸ್ಟ್' ಎಂದಿದ್ದದ್ದು ಇಲ್ಲಿ 'ರಿಲೇಹೋಸ್ಟ್' ಆಗುತ್ತದೆ. ಆ ಹೆಸರನ್ನು ಚೌಕ ಆವರಣದೊಳಗೆ ಬರೆದರೆ ಎಂಎಕ್ಸ್ ದಾಖಲೆ (ಒಂದು ಡೊಮೇನ್‌ನ ಮೇಲ್ ಯಾವ ಯಂತ್ರಕ್ಕೆ ಎಂದು ತಿಳಿಸುವ ಡಿಎನ್‌ಎಸ್ ದಾಖಲೆ) ಹುಡುಕದೆ ನೇರವಾಗಿ ಆ ಯಂತ್ರವನ್ನೇ ಸಂಪರ್ಕಿಸುತ್ತದೆ.

ರಿಲೇಹೋಸ್ಟ್ ಪಾಸ್‌ವರ್ಡ್ ಕೇಳುವುದಾದರೆ ನನ್ನಂತೆ ನೀವೂ ಒಂದು ಸಂಜೆ ಕಳೆದುಕೊಳ್ಳಬಹುದು. ಲಾಗ್‌ನಲ್ಲಿ 'ನೋ ವರ್ದಿ ಮೆಕ್ಸ್ ಫೌಂಡ್' (ತಕ್ಕ ಲಾಗಿನ್ ವಿಧಾನ ಸಿಗಲಿಲ್ಲ) ಎಂಬ ಸಾಲು ಕಂಡರೆ ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು: ಲಿಬ್‌ಸಾಸಲ್2 ಮಾಡ್ಯೂಲ್ಸ್ ಪ್ಯಾಕೇಜ್ ಇಲ್ಲ, ಅಥವಾ ಸಾಸಲ್ (ಲಾಗಿನ್ ಪರಿಶೀಲನೆಯ ವ್ಯವಸ್ಥೆ) ಭದ್ರತೆಯ ಆಯ್ಕೆಯಲ್ಲಿ ಮೊದಲಿನಿಂದಲೇ ಇರುವ, ಪಾಸ್‌ವರ್ಡ್ ಇದ್ದಂತೆಯೇ ಕಳುಹಿಸುವ ವಿಧಾನಗಳನ್ನು ತಡೆಯುವ 'ನೋಪ್ಲೇನ್‌ಟೆಕ್ಸ್ಟ್' ಅನ್ನು ತೆಗೆದಿಲ್ಲ. ಅದನ್ನು ತೆಗೆಯುವವರು ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಕಡ್ಡಾಯ ಮಾಡಿಯೇ ತೆಗೆಯಬೇಕು, ಇಲ್ಲವಾದರೆ ಪಾಸ್‌ವರ್ಡ್ ಬಯಲಲ್ಲಿ ಹೋದೀತು. ಪಾಸ್‌ವರ್ಡ್ ಕಡತವನ್ನು ರೂಟ್ ಮಾತ್ರ ಓದುವಂತೆ 600 ಅನುಮತಿಯಲ್ಲಿಟ್ಟು, ಅದರಿಂದ ಡೇಟಾಬೇಸ್ ತಯಾರಿಸುವ ಪೋಸ್ಟ್‌ಮ್ಯಾಪ್ ಕಮಾಂಡ್ ಓಡಿಸಬೇಕು.

ಅಲಿಯಾಸಸ್ ಕಡತದ ಬರವಣಿಗೆ ಎರಡರಲ್ಲೂ ಒಂದೇ, ಓದುವ ರೀತಿ ಮಾತ್ರ ಬೇರೆ. ಡೆಬಿಯನ್ನಿನ ಎಕ್ಸಿಮ್ ಆ ಕಡತವನ್ನೇ ನೇರವಾಗಿ ಓದುತ್ತಿತ್ತು. ಪೋಸ್ಟ್‌ಫಿಕ್ಸ್ ಅದರಿಂದ ತಯಾರಾದ ಡೇಟಾಬೇಸನ್ನು ಓದುತ್ತದೆ. ಹಾಗಾಗಿ ತಿದ್ದಿದಾಗಲೆಲ್ಲ ನ್ಯೂಅಲಿಯಾಸಸ್ ಓಡಿಸದಿದ್ದರೆ ರೂಟ್‌ಗೆ ಬರುವ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ಸೇವೆ) ವರದಿಗಳು ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತವೆ. ಬಳಕೆದಾರರ ಫಾರ್ವರ್ಡ್ ಕಡತಗಳನ್ನೂ ತೆರೆದು ನೋಡಿ: ಮೊದಲ ಸಾಲಿನಲ್ಲಿ 'ಎಕ್ಸಿಮ್ ಫಿಲ್ಟರ್' ಎಂದಿದ್ದರೆ ಅದರ ಒಳಗಿನ ನಿಯಮಗಳು ಪೋಸ್ಟ್‌ಫಿಕ್ಸ್‌ಗೆ ಅರ್ಥವಾಗುವುದಿಲ್ಲ.

ಕೊನೆಗೆ 'ಪೋಸ್ಟ್‌ಫಿಕ್ಸ್ ಚೆಕ್' ಓಡಿಸಿ, ಸ್ಥಳೀಯ ಬಳಕೆದಾರನಿಗೊಂದು, ಹೊರಗಿನ ವಿಳಾಸಕ್ಕೊಂದು ಮೇಲ್ ಕಳುಹಿಸಿ, ಲಾಗ್‌ನಲ್ಲಿ ಎರಡರ ಸ್ಥಿತಿಯೂ 'ಸೆಂಟ್' ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ಕೆಲವು ದಿನ ಎಲ್ಲವೂ ಸರಿಯಾಗಿ ನಡೆದ ಮೇಲೆಯೇ ಎಕ್ಸಿಮ್‌ನ ಉಳಿದ ಕಡತಗಳನ್ನು ಪರ್ಜ್ ಮಾಡಿ (ಪೂರ್ತಿ ಅಳಿಸಿ).