ಊರಿನ ಗ್ರಂಥಾಲಯ: ಸದಸ್ಯತ್ವ ಪಡೆಯುವುದು, ಮಕ್ಕಳಿಗೆ ಕಥೆ ಓದುವುದು ಹೇಗೆ?

ಪುರಸಭೆಗೆ ಆಸ್ತಿ ತೆರಿಗೆ ಕಟ್ಟಿದ ರಸೀದಿಯನ್ನು ಒಮ್ಮೆ ತೆಗೆದು ನೋಡಿ; ತೆರಿಗೆಯ ಮೊತ್ತದ ಮೇಲೆ ಶೇಕಡ 6ರಂತೆ ಗ್ರಂಥಾಲಯ ಕರವೂ ಅದರಲ್ಲಿ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ವಸೂಲಾಗುವ ಈ ಹಣವೇ ಪಟ್ಟಣದ ಗ್ರಂಥಾಲಯಕ್ಕೆ ಮುಖ್ಯ ಆಧಾರ. ಹೀಗಾಗಿ ಒಂದು ದಿನವೂ ಒಳಗೆ ಕಾಲಿಡದ ಮನೆಯವರು ಸಹ ಅದರ ಖರ್ಚಿನಲ್ಲಿ ಪಾಲು ಕೊಡುತ್ತಲೇ ಇದ್ದಾರೆ. ಆ ಪಾಲನ್ನು ಬಳಸಿಕೊಳ್ಳಲು ಬೇಕಾಗುವ ಓಡಾಟ ಹೆಚ್ಚೇನಿಲ್ಲ.

ಮೊದಲಿಗೆ, ನಿಮ್ಮ ಊರಿನ ಗ್ರಂಥಾಲಯ ಯಾರ ಅಧೀನದಲ್ಲಿದೆ ಎಂಬುದನ್ನು ತಿಳಿದುಕೊಳ್ಳಿ. ಪಟ್ಟಣಗಳ ಶಾಖಾ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆ ನಡೆಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡು, ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಇದನ್ನು ತಿಳಿದಿರಬೇಕಾದ ಕಾರಣವಿಷ್ಟೇ: ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಅಥವಾ ಸೂರು ಸೋರುತ್ತಿದ್ದರೆ, ಹಳ್ಳಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೂ, ಪಟ್ಟಣದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಕಚೇರಿಗೂ ಮನವಿ ಕೊಡಬೇಕು. ವಿಳಾಸ ತಪ್ಪಿದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಒಳಗೆ ಕುಳಿತು ದಿನಪತ್ರಿಕೆ ಓದಲು ಯಾರ ಅನುಮತಿಯೂ ಬೇಕಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಮಾತ್ರ ಸದಸ್ಯತ್ವ ಬೇಕು. ವಿಳಾಸದ ದಾಖಲೆ, ಭಾವಚಿತ್ರ ಮತ್ತು ಒಂದಿಷ್ಟು ಠೇವಣಿ ಸಾಮಾನ್ಯವಾಗಿ ಕೇಳುವ ಸಂಗತಿಗಳು. ಠೇವಣಿಯ ಮೊತ್ತವೂ ಒಮ್ಮೆಗೆ ಕೊಡುವ ಪುಸ್ತಕಗಳ ಸಂಖ್ಯೆಯೂ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಅಲ್ಲಿಯೇ ವಿಚಾರಿಸುವುದು ಒಳ್ಳೆಯದು. ಠೇವಣಿ ಮರಳಿ ಬರುವಂಥದ್ದಾದ್ದರಿಂದ ರಸೀದಿಯನ್ನು ಜೋಪಾನವಾಗಿಡಿ. ಮಕ್ಕಳ ವಿಷಯದಲ್ಲಿ ಹಳ್ಳಿಯ ಗ್ರಂಥಾಲಯಗಳು ಹೆಚ್ಚು ಉದಾರ: 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನವರಿಗೆ ಉಚಿತ ಸದಸ್ಯತ್ವ ದೊರೆಯುತ್ತದೆ.

ಇನ್ನು ಪುಸ್ತಕ ಹುಡುಕುವ ಕೆಲಸ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಕಡೆ ಸಾಹಿತ್ಯಕ್ಕೆ 800ರ ವರ್ಗ, ಅದರೊಳಗೆ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ಇರುತ್ತದೆ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇದನ್ನು ಕಾಣಬಹುದು. ಸಣ್ಣ ಊರುಗಳಲ್ಲಿ ಚೀಟಿ ಹೇಳುವ ಜಾಗವೇ ಬೇರೆ, ಪುಸ್ತಕ ಕುಳಿತ ಜಾಗವೇ ಬೇರೆ ಆಗಿರುವುದು ಅಪರೂಪವಲ್ಲ. ಮೇಲ್ವಿಚಾರಕರನ್ನು ಕೇಳಿದರೆ ಬೇಗ ಸಿಕ್ಕೀತು. ಮನೆಗೆ ಒಯ್ಯುವ ಮುನ್ನ ಹಾಳೆಗಳನ್ನು ಒಮ್ಮೆ ತಿರುವಿ, ಹರಿದ ಪುಟವಿದ್ದರೆ ಆಗಲೇ ತೋರಿಸಿಬಿಡಿ. ಹಿಂದಿರುಗಿಸುವಾಗ ತೋರಿಸಿದರೆ ಹೊಣೆ ನಿಮ್ಮದಾಗುತ್ತದೆ.

ಬೇಕಾದ ಪುಸ್ತಕ ಇಲ್ಲದಿದ್ದರೆ ಶೀರ್ಷಿಕೆ, ಲೇಖಕರು, ಪ್ರಕಾಶಕರ ಹೆಸರು ಬರೆದು ಲಿಖಿತವಾಗಿ ಕೇಳಿ. ಶಾಖೆಯವರಿಗೆ ಸ್ವತಃ ಖರೀದಿಸುವ ಅಧಿಕಾರ ಕಡಿಮೆ. ಬಹಳಷ್ಟು ಪುಸ್ತಕಗಳು ಮೇಲಿನ ಹಂತದಲ್ಲಿ ಆಯ್ಕೆಯಾಗಿ ಬರುತ್ತವೆ. ಹಾಗಿದ್ದರೂ, ಓದುಗರು ಕೇಳಿದ್ದರೆಂಬ ದಾಖಲೆ ಇರುವ ಬೇಡಿಕೆಗೂ ಬಾಯಿಮಾತಿನ ಬೇಡಿಕೆಗೂ ವ್ಯತ್ಯಾಸವಿದೆ. ಮೊಬೈಲಿನಲ್ಲಿ ಓದಲು ಒಗ್ಗಿದವರು ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೂ ಉಚಿತವಾಗಿ ಹೆಸರು ನೋಂದಾಯಿಸಬಹುದು.

ಮಕ್ಕಳಿಗಾಗಿ ವಾರಕ್ಕೊಮ್ಮೆ ಕಥೆ ಓದುವ ಕಾರ್ಯಕ್ರಮ ನಡೆಸಬೇಕೆನ್ನುವವರು ಹೆಚ್ಚು ಸಿದ್ಧತೆ ಮಾಡಿಕೊಳ್ಳಬೇಕಾದದ್ದು ಪುಸ್ತಕದ ಆಯ್ಕೆಯಲ್ಲಲ್ಲ, ಹೊತ್ತಿನ ಆಯ್ಕೆಯಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಕ ಯುವತಿಯರು ಬೆಳಿಗ್ಗೆಯಿಂದಲೇ ಮೇಜು ಹಿಡಿದಿರುತ್ತಾರೆ. ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದ ಅನೇಕರಿಗೆ ನಿಶ್ಶಬ್ದವಾಗಿ ಕೂರಲು ಇರುವುದು ಅದೊಂದೇ ಜಾಗ. ಒಂದೇ ಕೋಣೆಯ ಗ್ರಂಥಾಲಯದಲ್ಲಿ ಇಪ್ಪತ್ತು ಮಕ್ಕಳು ಸೇರಿ ನಕ್ಕರೆ ಅವರ ಓದು ಕೆಡುತ್ತದೆ, ಮರುವಾರ ದೂರು ಬರುತ್ತದೆ. ಆದ್ದರಿಂದ ಜಗಲಿಯನ್ನೋ ಅಂಗಳದ ಮರದ ನೆರಳನ್ನೋ ಆರಿಸಿಕೊಂಡು, ಮೇಲ್ವಿಚಾರಕರ ಒಪ್ಪಿಗೆ ಪಡೆದು, ಶನಿವಾರ ಶಾಲೆ ಬಿಟ್ಟ ನಂತರದ ಮುಕ್ಕಾಲು ಗಂಟೆಯನ್ನು ಗೊತ್ತುಮಾಡಿ. ಗ್ರಂಥಾಲಯಗಳಿಗೆ ವಾರದ ರಜೆ ಭಾನುವಾರವೇ ಇರಬೇಕೆಂದಿಲ್ಲವಾದ್ದರಿಂದ ರಜೆಯ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಓದುವವರು ಮನೆಯಲ್ಲೊಮ್ಮೆ ಗಟ್ಟಿಯಾಗಿ ಓದಿ ನೋಡಿರಬೇಕು. ಹತ್ತು ನಿಮಿಷಕ್ಕಿಂತ ಉದ್ದದ ಕಥೆಯಾದರೆ ಹಿಂದಿನ ಸಾಲಿನ ಮಕ್ಕಳು ಚಪ್ಪಲಿ ಹುಡುಕತೊಡಗುತ್ತಾರೆ. ಚಿತ್ರವಿರುವ ಪುಟವನ್ನು ಎದೆಯ ಮಟ್ಟದಲ್ಲಿ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ತೋರಿಸಿದ ಮೇಲೆಯೇ ಮುಂದಿನ ಪುಟಕ್ಕೆ ಹೋಗಿ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಕ್ಕಳಿದ್ದರೆ, ಕಥೆಯ ನಡುವೆ ಬರುವ ಪ್ರಾಣಿಗೆ ಅಥವಾ ತಿಂಡಿಗೆ ಅವರು ಏನೆನ್ನುತ್ತಾರೆಂದು ಕೇಳಿ. ಸುಮ್ಮನೆ ಕುಳಿತಿದ್ದವರೂ ಬಾಯಿಬಿಡುತ್ತಾರೆ. ಕಥೆ ಮುಗಿದೊಡನೆ ‘ಇದರ ನೀತಿಯೇನು’ ಎಂದು ಪ್ರಶ್ನಿಸುವ ಹಳೆಯ ಚಾಳಿಯನ್ನು ಬಿಡುವುದೇ ಲೇಸು, ಅದು ಶಾಲೆಯಲ್ಲಿ ಸಾಕಷ್ಟು ನಡೆಯುತ್ತದೆ. ಅದರ ಬದಲು, ಓದಿದ ಪುಸ್ತಕವನ್ನೂ ಅಂಥವೇ ನಾಲ್ಕಾರು ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿಟ್ಟು, ಅಂದೇ ಅವರವರ ಹೆಸರಿನಲ್ಲಿ ಮನೆಗೆ ಕೊಡಿಸಿ. ಎರವಲು ವಹಿಯಲ್ಲಿ ಹೆಸರು ದಾಖಲಾಗದ ಕಾರ್ಯಕ್ರಮಗಳು ಫೋಟೊ ತೆಗೆಸಿಕೊಂಡು ಮುಗಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

ಆರಂಭಿಸಲು ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಅನುಕೂಲದ ಕಾಲ. ಗ್ರಂಥಾಲಯದವರು ಆ ವಾರ ಹೇಗೂ ಪುಸ್ತಕ ಪ್ರದರ್ಶನ ಮುಂತಾದವುಗಳನ್ನು ಏರ್ಪಡಿಸುವುದರಿಂದ ನಿಮ್ಮ ಕಾರ್ಯಕ್ರಮಕ್ಕೂ ಜಾಗ, ಜಮಖಾನೆ ಸಿಗುತ್ತವೆ. ಅಕ್ಟೋಬರ್ ತಿಂಗಳಲ್ಲೇ ಮೇಲ್ವಿಚಾರಕರನ್ನು ಕಂಡು, ಓದುವವರ ಹೆಸರು, ಹೊತ್ತು ಮತ್ತು ಬೇಕಾದ ಪುಸ್ತಕಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಒಬ್ಬರು ಬರಲಾಗದ ವಾರ ಮತ್ತೊಬ್ಬರು ಓದುವಂತೆ ಕನಿಷ್ಠ ಇಬ್ಬರ ಹೆಸರಾದರೂ ಆ ಹಾಳೆಯಲ್ಲಿರಲಿ.