ನಾಲ್ಕನೆಯ ಅಂಕಣ ಖಾಲಿ ಉಳಿದ ಚಾರ್ಟು

ಕುಂದಾಪುರದ ಸಮೀಪದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. 2022ರ ಜೂನ್‌ನಿಂದ ಒಂಬತ್ತನೆಯ ತರಗತಿಯ ಶನಿವಾರದ ಕೊನೆಯ ಅವಧಿಯನ್ನು ಪತ್ರಿಕೆಯಲ್ಲಿ ಬಂದ ಜಗತ್ತಿನ ಸುದ್ದಿಗಳ ಚರ್ಚೆಗೆ ಮೀಸಲಿಟ್ಟಿದ್ದೇನೆ. ಮಾನವ ಹಕ್ಕುಗಳೆಂದರೆ ಡಿಸೆಂಬರ್ 10ರಂದು ಪ್ರಾರ್ಥನೆಯ ಹೊತ್ತಿನಲ್ಲಿ ಪ್ರತಿಜ್ಞೆ ಓದಿ ಮರೆತುಬಿಡುವ ವಿಷಯವಾಗದೆ, ಸುದ್ದಿಯನ್ನು ಓದುವ ಒಂದು ಕ್ರಮವಾಗಿ ಮಕ್ಕಳಲ್ಲಿ ಉಳಿಯಬೇಕೆಂಬುದು ನನ್ನ ಆಸೆಯಾಗಿತ್ತು. ಆ ಕ್ರಮ ನನಗೇ ಸ್ಪಷ್ಟವಾದದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಆ ವರ್ಷದ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡು ಒಂದು ವರ್ಷ ತುಂಬಿತ್ತು. ಮಾರ್ಚ್ 23ರಂದು ಹುಡುಗಿಯರ ಪ್ರೌಢಶಾಲೆಗಳು ತೆರೆಯುತ್ತವೆಂದು ಹೇಳಿ, ಪುಸ್ತಕ ಹಿಡಿದು ಬಂದವರನ್ನು ಅದೇ ದಿನ ಮನೆಗೆ ಕಳುಹಿಸಿದ ಸುದ್ದಿಯ ತುಣುಕು ನನ್ನ ಬಳಿ ಇತ್ತು. ಮಕ್ಕಳಿಗೆ ಚರ್ಚಾಸ್ಪರ್ಧೆಯ ರೂಢಿ ಇದ್ದುದರಿಂದ ನಾನು ಪರ ಮತ್ತು ವಿರೋಧ ಎಂದು ಎರಡು ಗುಂಪು ಮಾಡಿ, ಹುಡುಗಿಯರ ಶಾಲೆ ಮುಚ್ಚಿದ್ದು ಸರಿಯೇ ಎಂದು ಕೇಳಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಚರ್ಚೆ ಅಫ್ಘಾನಿಸ್ತಾನವನ್ನು ಬಿಟ್ಟು ‘ಅವರ ಧರ್ಮವೇ ಹಾಗೆ’ ಎಂಬಲ್ಲಿಗೆ ಬಂದು ನಿಂತಿತು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಮುಸ್ಲಿಂ ಹುಡುಗಿಯರು ತಲೆ ತಗ್ಗಿಸಿದವರು ಅವಧಿ ಮುಗಿಯುವವರೆಗೂ ಮೇಲೆತ್ತಲಿಲ್ಲ. ಶಾಲೆಯಿಂದ ಹೊರಗಟ್ಟಲ್ಪಟ್ಟ ಹುಡುಗಿಯರ ಬಗ್ಗೆ ಮಾತನಾಡಲು ಹೊರಟು, ನನ್ನ ತರಗತಿಯ ಹುಡುಗಿಯರಿಗೇ ತಾವು ಹೊರಗಿನವರೆಂಬ ಭಾವನೆ ಬರುವಂತೆ ಮಾಡಿದೆನಲ್ಲ ಎಂಬ ಸಂಕಟ ನನ್ನನ್ನು ಬಹಳ ದಿನ ಬಿಡಲಿಲ್ಲ. ಸೋಮವಾರ ಅವರಿಬ್ಬರನ್ನೂ ಕರೆದು, ತಪ್ಪು ನನ್ನದೆಂದು ಹೇಳಿದೆ.

ಆಮೇಲೆ ಯೋಚಿಸಿದಾಗ ಎರಡು ದೋಷಗಳು ಕಂಡವು. ಒಂದು ಹಕ್ಕು ಇರಬೇಕೇ ಬೇಡವೇ ಎಂಬುದನ್ನೇ ನಾನು ಸ್ಪರ್ಧೆಗೆ ಇಟ್ಟಿದ್ದೆ. ಜೊತೆಗೆ, ನಡೆದದ್ದೇನೆಂದು ತಿಳಿಯುವ ಮೊದಲೇ ಅಭಿಪ್ರಾಯ ಕೇಳಿದ್ದೆ. ಮುಂದಿನ ವಾರ ಒಂದು ಚಾರ್ಟ್ ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಎಳೆದೆ: ಏನು ನಡೆಯಿತು, ಅದನ್ನು ಹೇಳಿದವರು ಯಾರು ಮತ್ತು ಅವರಿಗೆ ಹೇಗೆ ಗೊತ್ತಾಯಿತು, ಇದರಲ್ಲಿ ಯಾವ ಹಕ್ಕಿದೆ, ಅದನ್ನು ಕಾಪಾಡುವ ಹೊಣೆ ಯಾರದು. ಮೂರನೆಯ ಅಂಕಣಕ್ಕಾಗಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕನ್ನಡ ಅನುವಾದದ ಜೆರಾಕ್ಸ್ ಪ್ರತಿಯನ್ನು ಬೆಂಚಿಗೊಂದರಂತೆ ಕೊಟ್ಟೆ. 1948ರಲ್ಲಿ ಪ್ಯಾರಿಸ್‌ನಲ್ಲಿ ಅಂಗೀಕಾರವಾದ ಆ ಘೋಷಣೆಯಲ್ಲಿರುವುದು 30 ವಿಧಿಗಳು ಮಾತ್ರ, ಒಂದು ಅವಧಿಯಲ್ಲಿ ಓದಿ ಮುಗಿಸಬಹುದು. ಮೊದಲನೆಯ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂಬರ್ಥ ಬರುವಂತಿದ್ದ ಮಾತನ್ನು ‘ಎಲ್ಲ ಮಾನವರೂ’ ಎಂದು ಬದಲಿಸಲು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಎಂದು ಹೇಳಿದಾಗ, ತರಗತಿಯ ಹುಡುಗಿಯರು ಆ ಸಾಲನ್ನು ಮತ್ತೆ ಓದಿದರು.

ಈ ಚಾರ್ಟು ನಿಜವಾಗಿ ಕೆಲಸಕ್ಕೆ ಬಂದದ್ದು ನವೆಂಬರ್‌ನಲ್ಲಿ, ಕತಾರಿನ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ. ನಮ್ಮ ಕರಾವಳಿಯ ಅನೇಕ ಮನೆಗಳಿಂದ ಒಬ್ಬರಾದರೂ ಗಲ್ಫಿನಲ್ಲಿ ದುಡಿಯುತ್ತಿರುವುದರಿಂದ ಈ ಸುದ್ದಿ ಮಕ್ಕಳಿಗೆ ದೂರದ್ದಾಗಿರಲಿಲ್ಲ. ಮೊದಲ ಅಂಕಣದಲ್ಲೇ ತೊಡಕು ಎದುರಾಯಿತು. ಒಬ್ಬ ಹುಡುಗ ಕ್ರೀಡಾಂಗಣ ಕಟ್ಟುವಾಗ 6,500 ಕಾರ್ಮಿಕರು ಸತ್ತರೆಂದು ಮೊಬೈಲ್‌ನಲ್ಲಿ ನೋಡಿ ಬಂದಿದ್ದ. ಇನ್ನೊಬ್ಬಳು ಸತ್ತವರು ಮೂವರೇ ಎಂದಳು. ನಾವು ಎರಡು ಶನಿವಾರಗಳನ್ನು ಈ ಸಂಖ್ಯೆಗಳಿಗೇ ಕೊಟ್ಟೆವು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ದಿ ಗಾರ್ಡಿಯನ್ ಪತ್ರಿಕೆ ಪ್ರಕಟಿಸಿದ 6,500ಕ್ಕೂ ಹೆಚ್ಚು ಎಂಬ ಲೆಕ್ಕವು, ವಿಶ್ವಕಪ್ ಆತಿಥ್ಯ ಕತಾರಿಗೆ ಸಿಕ್ಕ 2010ರಿಂದೀಚೆಗೆ ಆ ದೇಶದಲ್ಲಿ ಯಾವುದೇ ಕಾರಣದಿಂದ ತೀರಿಕೊಂಡ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ ಮತ್ತು ಶ್ರೀಲಂಕಾದ ವಲಸಿಗರದ್ದು. ಮೂರು ಎಂಬುದು ಸಂಘಟಕರು ಕ್ರೀಡಾಂಗಣದ ಕಾಮಗಾರಿಗೆ ನೇರ ಸಂಬಂಧವಿದೆಯೆಂದು ಒಪ್ಪಿಕೊಂಡ ಸಾವುಗಳದ್ದು. ಪಂದ್ಯಾವಳಿ ನಡೆಯುತ್ತಿದ್ದಾಗಲೇ ಸಂಘಟನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್-ತವಾದಿ ಸಂದರ್ಶನವೊಂದರಲ್ಲಿ 400ರಿಂದ 500 ಎಂದರು. ಯಾರು ಸುಳ್ಳು ಹೇಳುತ್ತಿದ್ದಾರೆಂದು ಜಗಳ ಹತ್ತಿದ್ದ ಮಕ್ಕಳು, ಯಾರು ಏನನ್ನು ಎಣಿಸುತ್ತಿದ್ದಾರೆಂದು ಕೇಳತೊಡಗಿದರು. ಆರೋಗ್ಯವಾಗಿದ್ದ ಯುವಕರ ಸಾವನ್ನೂ ಮರಣೋತ್ತರ ಪರೀಕ್ಷೆಯಿಲ್ಲದೆ ‘ಸ್ವಾಭಾವಿಕ’ ಎಂದು ದಾಖಲಿಸಿದರೆ, ಸುಡುಬಿಸಿಲಿನಲ್ಲಿ ದುಡಿದದ್ದಕ್ಕೂ ಆ ಸಾವಿಗೂ ಇರಬಹುದಾದ ಸಂಬಂಧ ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಎಂಬುದನ್ನು ಅವರೇ ಮಾತಾಡುತ್ತಾ ಕಂಡುಕೊಂಡರು. ನನ್ನ ಇಷ್ಟು ವರ್ಷಗಳ ಪಾಠದಲ್ಲಿ ಅದಕ್ಕಿಂತ ತೃಪ್ತಿ ಕೊಟ್ಟ ಅವಧಿಗಳು ಕಡಿಮೆ.

ಹಕ್ಕಿನ ಅಂಕಣಕ್ಕೆ ಬಂದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ತನ್ನ ಅಪ್ಪಯ್ಯನ ಪಾಸ್‌ಪೋರ್ಟ್ ಅವರು ದುಡಿಯುವ ಕಂಪನಿಯ ಬಳಿಯೇ ಇದೆ, ರಜೆಗೆ ಬರಬೇಕಾದರೆ ಕೇಳಿ ಪಡೆಯಬೇಕು ಎಂದ. ತರಗತಿ ತಟ್ಟನೆ ಮೌನವಾಯಿತು. ಯಾವುದೇ ದೇಶವನ್ನು ಬಿಟ್ಟು ತನ್ನ ದೇಶಕ್ಕೆ ಮರಳುವ ಹಕ್ಕಿನ 13ನೆಯ ವಿಧಿಯನ್ನು ಒಬ್ಬಳು ಓದಿದಳು. ಕೆಲಸಗಾರನ ವಾಸ್ತವ್ಯವನ್ನು ಮಾಲೀಕನಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿಯನ್ನು ನಾನು ವಿವರಿಸಿದೆ. 2020ರಲ್ಲಿ ಕತಾರ್ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿದ್ದನ್ನೂ, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿರುವುದನ್ನೂ ಹೇಳಿದೆ. ನಮ್ಮ ಸರ್ಕಾರದ ಹೊಣೆಯೂ ಇದೆಯೆಂದು ತೋರಿಸಲು ಇಸಿಆರ್ ಪಾಸ್‌ಪೋರ್ಟಿನ ವಿಷಯ ತೆಗೆದೆ: ಹತ್ತನೆಯ ತರಗತಿ ಪಾಸಾಗದವರು ಕತಾರೂ ಸೇರಿದಂತೆ ಪಟ್ಟಿ ಮಾಡಿದ ದೇಶಗಳಿಗೆ ದುಡಿಯಲು ಹೋಗುವ ಮುನ್ನ 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಮರುವರ್ಷ ಎಸ್‌ಎಸ್‌ಎಲ್‌ಸಿ ಬರೆಯಲಿದ್ದವರಿಗೆ ಇದು ತಮ್ಮದೇ ಸುದ್ದಿಯಾಯಿತು. ಆದರೆ ಆ ಹುಡುಗ ಹೇಳಿದ್ದನ್ನು ನಾವು ಚಾರ್ಟಿನಲ್ಲಿ ಬರೆಯಲಿಲ್ಲ. ದೂರದಲ್ಲಿ ದುಡಿಯುತ್ತಿರುವ ತಂದೆಯ ಒಪ್ಪಿಗೆಯಿಲ್ಲದೆ ಅವರ ಸಂಗತಿಯನ್ನು ಗೋಡೆಗೆ ಅಂಟಿಸುವುದು ಸರಿಯಲ್ಲವೆಂದು ನನಗೆ ತೋರಿತು. ಮನೆಯ ವಿಷಯ ಹೇಳಲೇಬೇಕೆಂದು ಯಾರಿಗೂ ಒತ್ತಾಯವಿಲ್ಲ ಎಂಬುದನ್ನು ಅಂದಿನಿಂದ ಪ್ರತಿ ಚರ್ಚೆಯ ಮೊದಲೇ ಹೇಳುತ್ತೇನೆ.

ಬರೀ ಬೇರೆ ದೇಶದವರ ತಪ್ಪನ್ನೇ ಏಕೆ ನೋಡಬೇಕೆಂದು ಒಬ್ಬಳು ಕೇಳಿದಳು, ಕೇಳಬೇಕಾದ ಪ್ರಶ್ನೆಯೇ. ಮಲಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ಅದೇ ಅಂಕಣಗಳಲ್ಲಿ ಇಟ್ಟು ನೋಡಿದೆವು. ಮನುಷ್ಯರನ್ನು ಹಾಗೆ ಇಳಿಸುವುದನ್ನು ನಮ್ಮ ದೇಶದ 2013ರ ಕಾಯ್ದೆ ನಿಷೇಧಿಸಿದ್ದರೂ ಸಾವುಗಳು ನಿಲ್ಲದಿರುವುದು ಮಕ್ಕಳಿಗೆ ಕತಾರಿನ ಪಾಸ್‌ಪೋರ್ಟನ್ನು ನೆನಪಿಸಿತು.

ಡಿಸೆಂಬರ್ 20ರಂದು ತಾಲಿಬಾನ್ ವಿಶ್ವವಿದ್ಯಾಲಯಗಳ ಬಾಗಿಲನ್ನೂ ಮಹಿಳೆಯರಿಗೆ ಮುಚ್ಚಿತು. ಅಳುಕಿನಿಂದಲೇ ನಾನು ಅಫ್ಘಾನಿಸ್ತಾನವನ್ನು ಮತ್ತೆ ತರಗತಿಗೆ ತಂದೆ. ಈ ಸಲ ಎರಡನೆಯ ಅಂಕಣಕ್ಕೆ ಸೌದಿ ಅರೇಬಿಯಾ, ಟರ್ಕಿ ಮತ್ತು ಕತಾರ್ ಸರ್ಕಾರಗಳ ಆಕ್ಷೇಪಗಳು ಬಂದವು. ಈ ನಿಷೇಧ ಶರೀಯತ್‌ಗೇ ವಿರುದ್ಧವೆಂದು ಕೈರೋದ ಪ್ರಸಿದ್ಧ ಇಸ್ಲಾಮಿಕ್ ವಿದ್ಯಾಪೀಠ ಅಲ್-ಅಝರ್‌ನ ಮಹಾ ಇಮಾಮ್ ಅಹ್ಮದ್ ಅಲ್-ತಯ್ಯೆಬ್ ಹೇಳಿದ್ದೂ ಬಂತು. ಆ ತುಣುಕನ್ನು ಓದುತ್ತೇನೆಂದು ಮುಂದೆ ಬಂದವಳು ಆಗಸ್ಟ್‌ನಲ್ಲಿ ತಲೆ ತಗ್ಗಿಸಿದ್ದ ಇಬ್ಬರಲ್ಲಿ ಒಬ್ಬಳು. ಮೂರನೆಯ ಅಂಕಣದಲ್ಲಿ ಶಿಕ್ಷಣದ ಹಕ್ಕಿನ 26ನೆಯ ವಿಧಿಯನ್ನು ಬರೆದೆವು. ನಾಲ್ಕನೆಯದರಲ್ಲಿ ಸಿಕ್ಕಿಬಿದ್ದೆವು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಒಪ್ಪಂದವನ್ನು ಅಫ್ಘಾನಿಸ್ತಾನ 2003ರಲ್ಲೇ ಒಪ್ಪಿಕೊಂಡಿತ್ತು. ಆದರೆ ಅಂದು ಅಧಿಕಾರದಲ್ಲಿದ್ದವರನ್ನು ಯಾವ ದೇಶವೂ ಅಧಿಕೃತವಾಗಿ ಮಾನ್ಯ ಮಾಡಿರಲಿಲ್ಲ. ಹಾಗಾದರೆ ಉತ್ತರ ಕೊಡಬೇಕಾದವರು ಯಾರು? ನಾನು ಉತ್ತರ ತುಂಬಲಿಲ್ಲ, ಅಂಕಣವನ್ನು ಖಾಲಿ ಬಿಟ್ಟೆವು.

ಆ ಚಾರ್ಟನ್ನು ಸುತ್ತಿ ಸಿಬ್ಬಂದಿ ಕೊಠಡಿಯ ಕಪಾಟಿನಲ್ಲಿ ಇಟ್ಟಿದ್ದೆ. 2025ರ ಜುಲೈ 8ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಂಗಾಧಾರಿತ ಕಿರುಕುಳದ ಆರೋಪದ ಮೇಲೆ ತಾಲಿಬಾನ್‌ನ ಪರಮೋಚ್ಚ ನಾಯಕ ಹೈಬತುಲ್ಲಾ ಅಖುಂದ್‌ಜಾದಾ ಮತ್ತು ಮುಖ್ಯ ನ್ಯಾಯಮೂರ್ತಿ ಅಬ್ದುಲ್ ಹಕೀಮ್ ಹಕ್ಕಾನಿ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಆ ಚಾರ್ಟನ್ನು ಬರೆದ ಮಕ್ಕಳು ಅಷ್ಟರಲ್ಲಿ ಶಾಲೆ ಬಿಟ್ಟಿದ್ದರು. ಹೊಸ ಒಂಬತ್ತನೆಯವರ ಮುಂದೆ ಆ ಹಾಳೆಯನ್ನು ಬಿಡಿಸಿ ಇಟ್ಟೆ. ಇಬ್ಬರ ಹೆಸರನ್ನೂ ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ಬರೆದ ಹುಡುಗಿ, ‘ಟೀಚರ್, ಇವರನ್ನು ಹಿಡಿಯುವವರು ಯಾರು?’ ಎಂದು ಕೇಳಿದಳು. ಆ ನ್ಯಾಯಾಲಯಕ್ಕೆ ಸ್ವಂತ ಪೊಲೀಸರಿಲ್ಲ, ಸದಸ್ಯ ದೇಶಗಳೇ ಹಿಡಿದು ಒಪ್ಪಿಸಬೇಕು ಎಂದೆ. ನಾವು ಸದಸ್ಯರೇ ಎಂಬ ಮರುಪ್ರಶ್ನೆ ಬಂತು. ಭಾರತ ಅದರ ಸದಸ್ಯನಲ್ಲ. ಏಕೆ ಅಲ್ಲ ಎಂಬುದನ್ನು ಮುಂದಿನ ಶನಿವಾರದ ಮೊದಲ ಅಂಕಣದಲ್ಲಿ ಬರೆದುಕೊಂಡೆವು.